ಲೆಕ್ಕಕ್ಕೆ ಸಿಗದ ನಾನೂರು ಮರಿ

ನಮ್ಮಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. ಆದರೆ ಯಾರಾದರೂ ಅಪ್ಪನನ್ನು ಕಳ್ಳ ಎಂದರೆ ಮಾತ್ರ ಅವಳು ಕೂಗಾಡುತ್ತಿರಲಿಲ್ಲ. ತುಟಿ ಬಿಗಿದು ಗಣಿತದ ಪುಸ್ತಕ ತೆರೆಯುತ್ತಿದ್ದಳು. ಇದಕ್ಕಿಂತ ಕೂಗಾಟವೇ ವಾಸಿ ಎಂದು ನನಗೆ ಅನಿಸುತ್ತಿತ್ತು.

ಅಪ್ಪ ಮೀನು ಸಾಕುವ ಕೇಂದ್ರದಲ್ಲಿ ತೊಟ್ಟಿ ನೋಡಿಕೊಳ್ಳುತ್ತಿದ್ದರು. ನಾನಾಗ ಕೈಗೂಸು. ನಾಲ್ಕನೆಯ ತೊಟ್ಟಿಗೆ ಹತ್ತು ಸಾವಿರ ಮೀನುಮರಿ ಬಿಟ್ಟಿದ್ದರು. ಕೊನೆಗೆ ನೀರು ಖಾಲಿ ಮಾಡಿ ಎಣಿಸಿದಾಗ ಸಿಕ್ಕಿದ್ದು ಐದು ಸಾವಿರದ ಒಂಬೈನೂರು. ಸತ್ತು ತೇಲಿದವನ್ನು ಅಪ್ಪ ದಿನಾ ಎತ್ತಿ ಬರೆದಿಟ್ಟದ್ದು ಒಂದು ಸಾವಿರ. ಮಿಕ್ಕ ಮೂರು ಸಾವಿರದ ನೂರಕ್ಕೆ ಹೆಣವೂ ಇಲ್ಲ, ಮುಳ್ಳೂ ಇಲ್ಲ. "ಒಂದನ್ನೂ ಮುಟ್ಟಿಲ್ಲ ಅಂತ ಮಕ್ಕಳ ಮೇಲೆ ಆಣೆ ಮಾಡು, ಇಲ್ಲಿಗೇ ಬಿಟ್ಬಿಡ್ತೀನಿ" ಎಂದರಂತೆ ಮೇಲ್ವಿಚಾರಕರು. ಅಪ್ಪ ಕಲ್ಲಿನ ಹಾಗೆ ನಿಂತರಂತೆ. ಕೆಲಸ ಹೋಯಿತು. ಕಳ್ಳನೆಂಬ ಹೆಸರು ಸಾಯುವ ತನಕ ಬಿಡಲಿಲ್ಲ.

ಅವರು ಹೋದ ಮೇಲೆ ಅಕ್ಕ ಮೀನಿನ ಪ್ರಯೋಗಾಲಯವೊಂದರಲ್ಲಿ ಲೆಕ್ಕ ಹಾಕುವ ಕೆಲಸ ಹಿಡಿದಳು. ಮೊದಲ ತಿಂಗಳಲ್ಲೇ ನನ್ನನ್ನು ಎಳೆದುಕೊಂಡು ಹೋಗಿ ಗಾಜಿನ ತೊಟ್ಟಿಯ ಮುಂದೆ ನಿಲ್ಲಿಸಿದಳು. ಒಂದು ಮರಿ ತನ್ನ ಒಡಹುಟ್ಟಿದ್ದನ್ನು ತಲೆಯ ಕಡೆಯಿಂದ ನುಂಗುತ್ತಿತ್ತು; ಬಾಲ ಇನ್ನೂ ಹೊರಗೆ ಒದ್ದಾಡುತ್ತಿತ್ತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ; ಇವಕ್ಕೆ ಬೆಳೆಯುವಷ್ಟೂ ಪುರುಸೊತ್ತಿಲ್ಲ.

"ನೋಡಿದ್ಯಾ? ಹೆಣ ಎಲ್ಲಿಂದ ಸಿಗ್ಬೇಕು?" ಎಂದಳು.

ಆರು ವರ್ಷ ಮರಿಗಳ ಬಾಯಿ ಅಳೆದಳು. ದೊಡ್ಡದರ ಬಾಯಿ ಎಷ್ಟು ಅಗಲ, ಚಿಕ್ಕದರ ತಲೆ ಎಷ್ಟು ದಪ್ಪ, ಹಸಿವೆಷ್ಟು, ಇಕ್ಕಟ್ಟೆಷ್ಟು ಎಂದು ಕೊಟ್ಟರೆ, ಎಷ್ಟು ಮರಿ ಒಡಹುಟ್ಟಿದವುಗಳ ಹೊಟ್ಟೆ ಸೇರುತ್ತವೆ ಎಂದು ಹೇಳುವ ಸಮೀಕರಣ ಕಟ್ಟಿದಳು. ಊಟಕ್ಕೆ ಕೂತವರಿಗೂ ಇದನ್ನೇ ವಿವರಿಸುತ್ತಿದ್ದಳು; ನೆಂಟರು ನಮ್ಮ ಮನೆ ಕಡೆ ತಲೆ ಹಾಕುವುದನ್ನೇ ಬಿಟ್ಟರು.

ಬೇರೆ ಒಂಬತ್ತು ತೊಟ್ಟಿಗಳ ಮೇಲೆ ಪರೀಕ್ಷಿಸಿದಳು. ಎಲ್ಲೂ ಐವತ್ತು ಮರಿಗಿಂತ ಹೆಚ್ಚು ತಪ್ಪಲಿಲ್ಲ. ಆಮೇಲೆ ಅಪ್ಪನ ಕೇಂದ್ರದಿಂದ ನಾಲ್ಕನೆಯ ತೊಟ್ಟಿಯ ಹಳೆಯ ದಾಖಲೆ ಪುಸ್ತಕ ತರಿಸಿದಳು. ಅತಿ ದೊಡ್ಡ ಮರಿ, ಅತಿ ಚಿಕ್ಕ ಮರಿ ಎಷ್ಟೆಷ್ಟುದ್ದ ಎಂದು ವಾರವಾರವೂ ಅಪ್ಪನೇ ದುಂಡಗೆ ಬರೆದಿದ್ದರು. ಉತ್ತರ ಎರಡು ಸಾವಿರದ ಏಳುನೂರು. ಮೂರು ಸಾರಿ ಲೆಕ್ಕ ಹಾಕಿದಳು. ಮೂರು ಸಾರಿಯೂ ನಾನೂರು ಕಡಿಮೆ.

"ಹೆಚ್ಚುಕಡಿಮೆ ಅಂತ ಸೇರಿಸ್ಬಿಡಕ್ಕ, ಯಾರಿಗೆ ಗೊತ್ತಾಗುತ್ತೆ?" ಎಂದೆ. ತಿನ್ನುವ ಹಾಗೆ ನೋಡಿದಳು.

ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದ ಅಮ್ಮನಿಗೆ ಹೇಳಿದಳು.

"ಎಷ್ಟು ಕಡಿಮೆ ಅಂದೆ?"

"ನಾನೂರು."

ಅಮ್ಮ ನಲ್ಲಿ ನಿಲ್ಲಿಸಿದರು. "ನಿನ್ನ ಲೆಕ್ಕ ಸರಿಯಾಗೇ ಇದೆ ಕಣೇ. ಆಗ ನಿಂಗೆ ಏಳು ವರ್ಷ. ಜ್ವರ ಬಿಟ್ಟಾಗ ಮೂಳೆ ಚಕ್ಕಳ ಆಗಿದ್ದೆ. ದಿನಾ ಮೀನು ಕೊಡಿ, ಇಲ್ದಿದ್ರೆ ಉಳಿಯಲ್ಲ ಅಂದ್ರು ಡಾಕ್ಟ್ರು. ನಿಮ್ಮಪ್ಪ ಊಟದ ಡಬ್ಬೀಲಿ ದಿನಕ್ಕೆ ಹತ್ತು ಮರಿ ತಂದ್ರು. ನಲವತ್ತು ದಿನ. ನಾನೇ ಮುಳ್ಳು ಬಿಡಿಸಿ ತಿನ್ನಿಸ್ದೆ."

ಅಕ್ಕ ಲೆಕ್ಕದ ಹಾಳೆ ಕೆಳಗಿಟ್ಟಳು. "ಹಾಗಾದ್ರೆ ಆ ಆಣೆ..."

"ನಿನ್ನ ತಲೆ ಮೇಲೆ ಸುಳ್ಳು ಆಣೆ ಮಾಡೋಕೆ ಆಗ್ಲಿಲ್ಲ ಅವ್ರಿಗೆ. ನಾನೂರು ಒಪ್ಕೊಂಡ್ರೆ ಮಿಕ್ಕಿದ್ದೂ ತಲೆಗೆ ಬರುತ್ತೆ ಅಂತ ಸುಮ್ನಾದ್ರು. ಸುಮ್ನಿದ್ರೂ ಬಂತು."

ನನಗೆ ಸಿಟ್ಟು ಉಕ್ಕಿತು. ಯಾರ ಮೇಲೆ ಎಂದು ಇವತ್ತಿಗೂ ಗೊತ್ತಿಲ್ಲ.

ಅಕ್ಕ ಕೇಂದ್ರಕ್ಕೆ ವರದಿ ಕಳಿಸಿದಳು. ಸತ್ತು ತೇಲಿದವು ಒಂದು ಸಾವಿರ. ಒಡಹುಟ್ಟಿದವು ತಿಂದದ್ದು ಎರಡು ಸಾವಿರದ ಏಳುನೂರು. ಕೆಳಗೆ, ಅಪ್ಪನಂತೆಯೇ ದುಂಡಗೆ, "ನಾನು ತಿಂದದ್ದು ನಾನೂರು" ಎಂದು ಬರೆದು ತನ್ನ ಸಹಿ ಹಾಕಿದಳು. ಒಂದೇ ಸಾಲಿನ ಉತ್ತರ ಬಂತು: ಕಳ್ಳತನ ನಡೆದದ್ದು ಇದರಿಂದ ಖಚಿತವಾಗಿದೆ.

ಈಗ ಯಾರಾದರೂ ಅಪ್ಪನನ್ನು ಕಳ್ಳ ಎಂದರೆ ಅಕ್ಕ ಪುಸ್ತಕ ತೆರೆಯುವುದಿಲ್ಲ. "ಹೌದು, ನಾನೂರರ ಮಟ್ಟಿಗೆ ಕಳ್ಳರೇ" ಎನ್ನುತ್ತಾಳೆ. "ನಾನು ಬದುಕಿದೀನಲ್ಲ."