ತಂಗಿ ಹಾಕಿದ ಬಲೆಗಂಟು

ಮಾರಿಷಸ್ಸಿನ ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿನಲ್ಲಿ ಊರಿನಿಂದ ನೋಡಲು ಬಂದ ನಾನು ತಂಗಿ ಜಲಜಳಿಗಾಗಿ ಕಾಯುತ್ತಿದ್ದೆ. ಯುರೋಪಿನ ಆರ್ಡರುಗಳು ಸಂಬಳ ಕಡಿಮೆಯಿರುವ ದೇಶಗಳ ಪಾಲಾಗಿ ಇಲ್ಲಿ ಅರ್ಧ ಮಷೀನುಗಳು ನಿಂತಿದ್ದವು. ಅವಳ ಕೆಲಸವೂ ಹೋಗುವುದರಲ್ಲಿತ್ತು.

ಓಡುತ್ತಲೇ ಬಂದಳು. ಅಂಚು ಬಿಚ್ಚದ ಬಲೆಚೀಲ ಬೇಕೆಂದು ಬಂದ ಖರೀದಿದಾರರಿಗೆ ನಮ್ಮ ಮರವಂತೆಯ ಮೀನುಬಲೆಯ ಗಂಟು ಹಾಕಿ ತೋರಿಸಿ, ದೊಡ್ಡ ಆರ್ಡರನ್ನೇ ಗೆದ್ದಿದ್ದಳು!

ನನಗೆ ಅಳು ಬಂತು. ಮನೆಯಲ್ಲಿ ಬಲೆ ಕಟ್ಟಲು ಅವಳಂಥ ಕೈ ಬೇರೆ ಇರಲಿಲ್ಲವೆಂದು, ಈ ಕೆಲಸ ಮೊದಲ ಸಲ ಬಂದಾಗ ಅವಳ ಪಾಸ್‌ಪೋರ್ಟನ್ನು ನಾನೇ ದೋಣಿಯಲ್ಲಿ ಅಡಗಿಸಿದ್ದೆ. ಆಮೇಲೆ ‘ಸಿಕ್ಕಿತು’ ಎಂದು ಕೊಟ್ಟು, ಕೆಲಸ ಮತ್ತೆ ಬರುವಷ್ಟರಲ್ಲಿ ಅವಳ ಎರಡು ವರ್ಷ ಕಳೆದುಹೋಗಿತ್ತು. ಇಂದು ಒಪ್ಪಿಕೊಂಡೆ.

“ಗೊತ್ತಿತ್ತ್ ಅಣ್ಣ. ಪಾಸ್‌ಪೋರ್ಟಿಗೆ ಬಂಗ್ಡಿ ಮೀನ್ ವಾಸ್ನಿ ಹೊಡಿತಿತ್ತ್!” ಎಂದು ನಕ್ಕಳು. “ಮರ್ಕ್‌ಬೇಡ, ಒಳ್ಗ್ ಬಾ,” ಎಂದು ನನ್ನ ಕಣ್ಣೊರೆಸಿದಳು.

ಒಳಗೆ ಹೆಂಗಸರು ನಿಂತಿದ್ದ ಮಷೀನುಗಳ ಧೂಳು ಒರೆಸುತ್ತಿದ್ದರು. ಅವಳು ನನ್ನ ಕೈಯೆತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ, “ಇವ ನನ್ನ ಅಣ್ಣ!” ಎಂದಳು.