ಯಲ್ಲಮ್ಮ ಬಾಯ್ಲರ್ ಆರಿಸಿದ್ದು

ಮಾರಂಡಹಳ್ಳಿಯ ಯಲ್ಲಮ್ಮನ ಬಚ್ಚಲಿನ ಹಂಡೆ ತೂತುಬಿದ್ದಿತ್ತು. ಹೊಸದನ್ನು ಆರಿಸಲು ಸೊಸೆ ಶಶಿಕಲಾ ಅವಳನ್ನು ಧರ್ಮಪುರಿಯ ಅಂಗಡಿಗೆ ಕರೆದೊಯ್ದಳು. ಯಲ್ಲಮ್ಮನಿಗೆ ಸಕ್ಕರೆ ಕಾಯಿಲೆ. ಆದರೂ ಹಂಡೆಯೊಲೆಯ ಬೂದಿಯಲ್ಲಿ ದಿನವೂ ಕದ್ದು ಗೆಣಸು ಸುಟ್ಟು ತಿನ್ನುತ್ತಿದ್ದಳು. ಆ ಸುಖ ಕೈತಪ್ಪಬಾರದಲ್ಲ!

“ಅತ್ತೇ, ಸೋಲಾರ್ ತಗಳ್ಳಾನಾ? ಬಿಸಿಲು ಸುಮ್ನೆ ಸಿಕ್ತೈತೆ.”

“ಮೋಡ ಮುಚ್ಚಿದ್ರೆ ತಣ್ಣೀರು ಉಯ್ಕಳಾದಾ?”

“ಕರೆಂಟ್ ಗೀಸರ್?”

“ಅಯ್ಯಯ್ಯೋ, ಶಾಕ್ ಒಡೀತೈತೆ!”

ಕೊನೆಗೆ ಸೌದೆ ಉರಿಸುವ ತಾಮ್ರದ ಬಾಯ್ಲರೊಂದು ಕಣ್ಣಿಗೆ ಬಿತ್ತು. ಯಲ್ಲಮ್ಮ ಅದರಡಿಯ ಬೂದಿತಟ್ಟೆಯನ್ನು ಹೊರಗೆಳೆದು ಗೇಣು ಹಾಕಿ ಅಳೆದಳು.

“ಇದೇ ಇರ್ಲಿ ಕಣಮ್ಮಿ. ಅಗಲವಾಗೈತೆ.”

ಶಶಿಕಲಾ ಬಗ್ಗಿ ಅತ್ತೆಯ ಕಿವಿಯಲ್ಲಿ ಕೇಳಿದಳು, “ಎಷ್ಟು ಗೆಣಸು ಇಡೀತೈತೆ?”

ಯಲ್ಲಮ್ಮ ತಟ್ಟನೆ ಬೂದಿತಟ್ಟೆಯನ್ನು ಒಳಗೆ ತಳ್ಳಿ ಅತ್ತಿತ್ತ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು, “ಎರಡು. ಒಂದು ನಿಂಗೇ. ನಿನ್ ಗಂಡನ್ಗೆ ಏಳ್ಬೇಡ!”