ಮಂಡಕ್ಕಿ ದಿನದ ಹಕ್ಕಿಗಳು

ನನಗೆ ಫೈಲುಗಳಿಗೆ ಹೆಸರಿಡಲು ಬರುವುದಿಲ್ಲ. ಸೊರಬದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದಾಗ ಬಿಡುವು ಸಿಕ್ಕಾಗಲೆಲ್ಲ ಗುಡವಿ ಕೆರೆಗೆ ಹೋಗಿ ಹಕ್ಕಿಗಳ ಕೂಗು ರೆಕಾರ್ಡ್ ಮಾಡುತ್ತಿದ್ದೆ. ಆ ಫೈಲುಗಳಿಗೆಲ್ಲ ಅವತ್ತು ತಿಂದ ತಿಂಡಿಯದೇ ಹೆಸರು: ಮಂಡಕ್ಕಿ, ಮಿರ್ಚಿ, ಉಪ್ಪಿಟ್ಟು. ನಿವೃತ್ತನಾದ ಮೇಲೆ ಯಾರು ಬೇಕಾದರೂ ಬಳಸಲಿ ಎಂದು ಅವನ್ನೆಲ್ಲ ಅಂತರ್ಜಾಲದ ದತ್ತಾಂಶ ಭಂಡಾರವೊಂದಕ್ಕೆ ಏರಿಸಲು ಹೊರಟೆ. ನೆರವಿಗೆ ನಿಂತ ಹಳೆಯ ಶಿಷ್ಯೆ ಸುಮಾ ಫೋನಿನಲ್ಲಿ ನಗದೆ, ಮಂಡಕ್ಕಿ ಅನ್ನುವುದು ಯಾವ ಪ್ರಭೇದ ಸಾರ್ ಎಂದು ಕೇಳಿದಳು.

ಈ ಭಂಡಾರಕ್ಕೆ ಮಡಿ ಮೈಲಿಗೆ ಇಲ್ಲ. ನಕ್ಷತ್ರದ ಚಿತ್ರ, ಗೋಧಿಯ ತಳಿ, ರೋಗಿಗಳ ಕೆಮ್ಮು, ಏನು ಕೊಟ್ಟರೂ ಇಟ್ಟುಕೊಳ್ಳುತ್ತದೆ. ಆದರೆ ಪ್ರಕಟವಾಗಿ, ಎಂದೆಂದಿಗೂ ಅದರ ಗುರುತಾಗಿ ಉಳಿಯುವ ಶಾಶ್ವತ ಸಂಖ್ಯೆ ಬಿತ್ತೆಂದರೆ ಹಿಂದಕ್ಕೆ ಪಡೆಯುವುದು ಸುಲಭವಲ್ಲ. ನಮ್ಮ ಸೀಮೆಯ ಶಾಸನಗಳಲ್ಲಿ ಸೂರ್ಯಚಂದ್ರರಿರುವ ತನಕ ಎಂದು ಕೆತ್ತಿಸಿದವರಿಗೂ ಒಂದು ಗಳಿಗೆ ಅಳುಕಾಗಿರಬೇಕು.

ನನ್ನ ಅಳುಕಿಗೆ ಕಾರಣ ಗೆಳೆಯ ಬಶೀರ. ಶಿಕಾರಿಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು, ನನ್ನ ಮೈಕು ಸರಿಮಾಡಿಕೊಟ್ಟು, ಆಮೇಲೆ ಕೆರೆಗೂ ಜೊತೆಯಾದ. ಪ್ರತಿ ರೆಕಾರ್ಡಿಂಗಿನ ಮೊದಲಲ್ಲೂ ವಾರ್ತೆ ಓದುವವರ ಗತ್ತಿನಲ್ಲಿ ಅವನದೊಂದು ಪೀಠಿಕೆ: “ಗುಡವಿ ಕೆರಿ. ಬೆಳಿಗ್ಗಿ ಆರೂವರಿ. ಮೋಡ ಐತಿ. ಮೇಷ್ಟ್ರು ಸೊಳ್ಳಿ ಹೊಡಿತಾರ, ಆ ಸದ್ದು ಹಕ್ಕೀದಲ್ಲ.”

ಅವನು ತೀರಿಕೊಂಡು ವರ್ಷವಾಯಿತು. ಸುಮಾ ಹೇಳಿದ್ದು ನ್ಯಾಯವೇ. ಹೊತ್ತು, ಹವೆ ಎಲ್ಲ ಫೈಲಿನ ಜೊತೆ ಕೊಡುವ ಪಟ್ಟಿಯಲ್ಲಿ ಬರುತ್ತದೆ; ಮನುಷ್ಯರ ದನಿಯನ್ನು ಮನೆಯವರ ಒಪ್ಪಿಗೆಯಿಲ್ಲದೆ ಲೋಕಕ್ಕೆಲ್ಲ ಹಂಚುವಂತಿಲ್ಲ; ಕತ್ತರಿಸಿಬಿಡಿ ಎಂದಳು. ಕತ್ತರಿಸಲು ಕೂತೆ. ಕತ್ತರಿಸುವ ಮುಂಚೆ ಒಮ್ಮೆ ಕೇಳಿಬಿಡೋಣ ಎಂದು ಒಂದೊಂದನ್ನೇ ಕೇಳುತ್ತ ವಾರ ಕಳೆಯಿತು, ಒಂದನ್ನೂ ಮುಟ್ಟಲಿಲ್ಲ. ನನಗೆ ಹಕ್ಕಿಗಳಿಗಿಂತ ಅವನೇ ಬೇಕಾಗಿದ್ದ.

ಒಪ್ಪಿಗೆಯನ್ನೇ ಕೇಳೋಣವೆಂದು ಶಿಕಾರಿಪುರದ ಬಸ್ಸು ಹತ್ತಿದೆ. ಬಶೀರನ ಹೆಂಡತಿ ಜುಬೇದಮ್ಮ ಚಹಾ ಕೊಟ್ಟು, ಶಾಶ್ವತ ಸಂಖ್ಯೆ, ಪರವಾನಗಿ ಎಂಬ ನನ್ನ ಪಾಠವನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ನಾನು ಒಂದು ರೆಕಾರ್ಡಿಂಗ್ ಹಾಕಿಕೊಟ್ಟ ಫೋನನ್ನು ಕಿವಿಗೆ ಹಿಡಿದರು. ಅವನ ಮಾತು ಬೇಗ ಮುಗಿಯಿತು. ಬರೀ ಹಕ್ಕಿಗಳು ಕೂಗುತ್ತಿದ್ದರೂ ಅವರು ಫೋನು ಕೆಳಗಿಡಲಿಲ್ಲ. ಇನ್ನೊಂದು ಮಾತು ಬಂದೀತೆಂದು ಕಾಯುತ್ತಿದ್ದರು. ಇನ್ನಿಲ್ಲ ಎಂದು ನಾನೇ ಹೇಳಬೇಕಾಯಿತು.

“ಎಲ್ಲಾರಿಗೂ ಕೊಡ್ರೀ ಮೇಷ್ಟ್ರೇ, ಬ್ಯಾಡ ಅನ್ನಲ್ಲ,” ಅಂದರು. “ನನಗ ಮಾತ್ರ ಹಕ್ಕಿ ಕೂಗು ತಗದು ಕೊಡ್ರಿ. ಇವ್ರ ಮಾತಷ್ಟೇ ಸಾಕು.”